ಹಾಲೂಡಿಸುವ ಫೋಟೊ ಮಾಯವಾದಾಗ: ಎಲ್ಲಿ ಸಿಕ್ಕಿಬಿತ್ತು, ಹೇಗೆ ಬಿಡಿಸುವುದು

ಪ್ರಶ್ನೆ: ನಾನು ಸ್ತನ್ಯಪಾನ ಸಲಹೆಗಾರ್ತಿ. ಬಾಣಂತಿಯರಿಗಾಗಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಪುಟ ನಡೆಸುತ್ತೇನೆ. ಮಗು ಮೊಲೆಯನ್ನು ಸರಿಯಾಗಿ ಬಾಯಲ್ಲಿ ಹಿಡಿಯುವುದನ್ನು (ಲ್ಯಾಚ್) ತೋರಿಸುವ ಫೋಟೊಗಳನ್ನು ಎರಡು ಸಲ ತೆಗೆದುಹಾಕಿದರು. ಅದರಲ್ಲೊಂದನ್ನು ಮೂರನೇ ಸಲ ಹಾಕಿದಾಗ ಕ್ಷಣಾರ್ಧದಲ್ಲಿ ಮಾಯವಾಯಿತು. ಕೈಯಿಂದ ಹಾಲು ಹಿಂಡುವ ವಿಡಿಯೊ ಪುಟದಲ್ಲಿ ಹಾಗೆಯೇ ಇದೆ, ಆದರೆ ಯಾರಿಗೂ ತಲುಪುತ್ತಿಲ್ಲ. ಹಾಲೂಡಿಸುವ ಚಿತ್ರಗಳಿಗೆ ಅವಕಾಶ ಇದೆ ಎಂದು ನಿಯಮದಲ್ಲೇ ಓದಿದ್ದೇನೆ. ಹಾಗಿದ್ದರೆ ಇದೇಕೆ ಹೀಗೆ? ಮುಂದೇನು ಮಾಡಬೇಕು?

ಉತ್ತರ: ನೀವು ಓದಿದ್ದು ಸರಿ. ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎರಡನ್ನೂ ನಡೆಸುವ ಮೆಟಾ ಕಂಪನಿಯ ನಗ್ನತೆಯ ನಿಯಮ ಹೆಣ್ಣಿನ ಮೊಲೆತೊಟ್ಟು ಕಾಣುವ ಫೋಟೊಗಳನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೆ ಹಾಲೂಡಿಸುವುದು, ಹೆರಿಗೆ, ಹೆರಿಗೆಯಾದ ಕೂಡಲೇ ತೆಗೆದ ಚಿತ್ರಗಳು, ಆರೋಗ್ಯ ಮಾಹಿತಿ, ಪ್ರತಿಭಟನೆ ಇವಕ್ಕೆ ವಿನಾಯಿತಿ ಎಂದು ಅದೇ ನಿಯಮ ಹೇಳುತ್ತದೆ. ನಿಮ್ಮ ಜಗಳ ನಿಯಮದ ಜೊತೆಗಲ್ಲ, ಅದನ್ನು ಜಾರಿ ಮಾಡುವ ವ್ಯವಸ್ಥೆಯ ಜೊತೆ. ನೀವು ಹೇಳಿದ ಮೂರು ತೊಂದರೆಗಳೂ ಒಂದೇ ಥರ ಕಂಡರೂ ಬಹುಮಟ್ಟಿಗೆ ಮೂರು ಬೇರೆ ಕಡೆ ಆದವು. ಮೊದಲೆರಡು ಸಲ ಫೋಟೊ ಸಿಕ್ಕಿಬಿದ್ದದ್ದು ಚಿತ್ರ ನೋಡಿ ಅಂಕ ಹಾಕುವ ಯಂತ್ರದ ಕೈಗೆ. ಮೂರನೇ ಸಲ ಹಳೆಯ ಚಿತ್ರಗಳ ಗುರುತು ಇಟ್ಟುಕೊಂಡಿರುವ ಬ್ಯಾಂಕಿನಲ್ಲಿ. ವಿಡಿಯೊವನ್ನು ಯಾರೂ ತೆಗೆದಿಲ್ಲ, ಅಪರಿಚಿತರಿಗೂ ತೋರಿಸುವ ಶಿಫಾರಸಿನಿಂದ ಹೊರಗಿಟ್ಟಿದ್ದಾರೆ ಅಷ್ಟೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಹಾಗಾಗಿ ಏನು ಮಾಡುವ ಮುಂಚೆಯೂ ಎಲ್ಲಿ ಸಿಕ್ಕಿಬಿತ್ತು ಎಂದು ಪತ್ತೆ ಮಾಡಿಕೊಳ್ಳಬೇಕು.

ನಿಯಮ ಈ ರೂಪಕ್ಕೆ ಬಂದದ್ದು ಹೇಗೆ ಎಂದು ಸ್ವಲ್ಪ ತಿಳಿದಿರುವುದು ಒಳ್ಳೆಯದು, ಮೇಲ್ಮನವಿ ಬರೆಯುವಾಗ ಉಪಯೋಗಕ್ಕೆ ಬರುತ್ತದೆ. ಫೇಸ್‌ಬುಕ್‌ನಲ್ಲಿ ಮೊದಲಿಗೆ ತೊಟ್ಟಾಗಲಿ ಅದರ ಸುತ್ತಲ ಕಪ್ಪು ಭಾಗವಾಗಲಿ ಕಂಡರೆ ಮುಗಿಯಿತು, ಮಗು ಹಾಲು ಕುಡಿಯುತ್ತಿದ್ದರೂ ಫೋಟೊ ಹೋಗುತ್ತಿತ್ತು. 2008ರ ಡಿಸೆಂಬರ್‌ನಲ್ಲಿ ಇದನ್ನು ವಿರೋಧಿಸಿ ತಾಯಂದಿರು ಸಾಮೂಹಿಕವಾಗಿ ತಮ್ಮ ಪ್ರೊಫೈಲ್ ಚಿತ್ರ ಬದಲಿಸಿದರು, ಅಮೆರಿಕದ ಪಾಲೊ ಆಲ್ಟೊದಲ್ಲಿದ್ದ ಕಂಪನಿಯ ಕಚೇರಿಯೆದುರು ಮಕ್ಕಳಿಗೆ ಹಾಲೂಡಿಸಿ ಪ್ರತಿಭಟಿಸಿದರು. 2012ರಲ್ಲಿ ಪೋಸ್ಟ್‌ಗಳನ್ನು ನೋಡಿ ತೀರ್ಮಾನಿಸುವ ಗುತ್ತಿಗೆ ಪರಿಶೀಲಕರ ಕೈಪಿಡಿಯೊಂದು ಸೋರಿಕೆಯಾದಾಗ, ತೊಟ್ಟು ಕಾಣುವ ಹಾಲೂಡಿಸುವ ಚಿತ್ರವೂ ತೆಗೆಯಬೇಕಾದವುಗಳ ಪಟ್ಟಿಯಲ್ಲಿ ಸಿಕ್ಕಿತು. 2014ರ ಮಧ್ಯದಲ್ಲಿ ಸದ್ದಿಲ್ಲದೆ ನಿಯಮ ಸಡಿಲವಾಯಿತು. 2015ರ ಮಾರ್ಚ್‌ನಲ್ಲಿ ‘ಸಕ್ರಿಯವಾಗಿ ಹಾಲೂಡಿಸುತ್ತಿರುವ’ ಮಹಿಳೆಯರ ಚಿತ್ರಗಳಿಗೆ ಯಾವಾಗಲೂ ಅವಕಾಶ ಎಂದು ಬರಹದಲ್ಲಿ ಬಂತು, ಮರು ತಿಂಗಳು ಇನ್‌ಸ್ಟಾಗ್ರಾಂ ಕೂಡ ಅದನ್ನೇ ಬರೆಯಿತು. ಬ್ಲಾಗ್ ತಾಣ ಟಂಬ್ಲರ್ 2018ರ ಡಿಸೆಂಬರ್‌ನಲ್ಲಿ ವಯಸ್ಕರ ವಿಷಯವನ್ನೆಲ್ಲ ನಿಷೇಧಿಸಿದಾಗಲೂ ಹಾಲೂಡಿಸುವ ಚಿತ್ರಗಳನ್ನು ಹೊರತುಪಡಿಸಿತ್ತು.

ಯಾವುದನ್ನು ಹಾಲೂಡಿಸುವುದು ಎಂದು ಎಣಿಸುತ್ತಾರೆ ಎಂಬುದೇ ನಿಮ್ಮಂಥವರಿಗೆ ತೊಡಕು. ಮಗು ಮೊಲೆಯನ್ನು ಬಾಯಲ್ಲಿ ಹಿಡಿದಿರುವ ಚಿತ್ರದ ಬಗ್ಗೆ ತಕರಾರಿಲ್ಲ. ಕುಡಿದು ಮುಗಿಸಿ ತೊಟ್ಟು ಬಿಟ್ಟು ಮಲಗಿದ ಮಗು, ಬಾಯಿ ತೆರೆದು ಹುಡುಕುತ್ತಿರುವ ಮಗು, ಪಂಪಿನಿಂದ ಅಥವಾ ಕೈಯಿಂದ ಹಾಲು ಹಿಂಡುವುದು, ತೊಟ್ಟಿನ ಬಿರುಕು, ಕಟ್ಟಿಕೊಂಡ ಎದೆ ಇವೆಲ್ಲ ಅಂಚಿನಲ್ಲಿ ನಿಲ್ಲುತ್ತವೆ. ಸಲಹೆಗಾರ್ತಿ ಹೆಚ್ಚಾಗಿ ತೋರಿಸಬೇಕಾದದ್ದು ಇವನ್ನೇ. ಮಗು ಚಿತ್ರದಲ್ಲೇ ಇಲ್ಲದಿದ್ದರೆ ಹಾಲೂಡಿಸುವ ವಿನಾಯಿತಿಯ ಮೇಲೆ ವಾದಿಸಬೇಡಿ. ಆರೋಗ್ಯ ಮಾಹಿತಿಯ ವಿನಾಯಿತಿಯನ್ನು ಹಿಡಿಯಿರಿ, ಅದು ಗಟ್ಟಿ.

ಯಂತ್ರಕ್ಕೆ ಕಾಣುವುದೇನು

ಇಂಥ ಯಂತ್ರಗಳು ಹೇಗೆ ಕೆಲಸ ಮಾಡುತ್ತವೆ ಎನ್ನುವುದಕ್ಕೆ ಯಾಹೂ 2016ರಲ್ಲಿ ಎಲ್ಲರಿಗೂ ತೆರೆದಿಟ್ಟ ಮಾದರಿಯೊಂದಿದೆ. ಅದು ಚಿತ್ರವನ್ನು 256 ಚುಕ್ಕಿ (ಪಿಕ್ಸೆಲ್) ಅಗಲ, 256 ಚುಕ್ಕಿ ಎತ್ತರಕ್ಕೆ ಕುಗ್ಗಿಸಿ, ಅದರೊಳಗಿಂದ 224ಕ್ಕೆ 224ರ ಚೌಕ ತೆಗೆದು, 0ಯಿಂದ 1ರವರೆಗೆ ಒಂದು ಅಂಕ ಕೊಡುತ್ತದೆ. 0.2ಕ್ಕಿಂತ ಕೆಳಗಿದ್ದರೆ ಬಹುತೇಕ ನಿರಪಾಯ, 0.8ಕ್ಕಿಂತ ಮೇಲಿದ್ದರೆ ಬಹುತೇಕ ಅಶ್ಲೀಲ, ನಡುವಿನದನ್ನು ಏನು ಮಾಡಬೇಕೆಂಬುದು ಬಳಸುವವರಿಗೆ ಬಿಟ್ಟದ್ದು. ಮೆಟಾ, ಗೂಗಲ್ ಬಳಸುವ ಮಾದರಿಗಳು ಇದಕ್ಕಿಂತ ಬಹಳ ಮುಂದುವರಿದಿವೆ, ಆದರೆ ತರ್ಕ ಅದೇ: ಚಿತ್ರಕ್ಕೊಂದು ಅಂಕ, ಅಂಕಕ್ಕೊಂದು ಗೆರೆ. ಗೆರೆ ದಾಟಿದರೆ ಮನುಷ್ಯರು ನೋಡುವ ಮೊದಲೇ ತೆಗೆತ. ದ್ವೇಷದ ಮಾತನ್ನು ಗುರುತಿಸುವುದಕ್ಕಿಂತ ಮೊಲೆತೊಟ್ಟನ್ನು ಗುರುತಿಸುವ ಯಂತ್ರ ಮಾಡುವುದು ಎಷ್ಟೋ ಸುಲಭ ಎಂದು ಮಾರ್ಕ್ ಜುಕರ್‌ಬರ್ಗ್ 2018ರಲ್ಲಿ ಹೇಳಿದ್ದರು. ನಿಜವೇ. ಸುಲಭವಾದ್ದರಿಂದಲೇ ಈ ಕೆಲಸವನ್ನು ಯಂತ್ರಕ್ಕೆ ಅಷ್ಟು ಧಾರಾಳವಾಗಿ ಒಪ್ಪಿಸಲಾಗಿದೆ. ತೊಟ್ಟು ಇದೆಯೇ ಎಂದು ಯಂತ್ರ ಹೇಳಬಲ್ಲದು, ಅದು ಅಲ್ಲಿ ಯಾಕಿದೆ ಎಂದು ಹೇಳಲಾರದು.

ಈಗ ನಿಮ್ಮ ಲ್ಯಾಚ್ ಫೋಟೊ ತೆಗೆದುಕೊಳ್ಳಿ. ಒಳ್ಳೆಯ ಹಿಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ತರಬೇತಿಗಳಲ್ಲಿ ಕಲಿಸುವ ನಾಲ್ಕು ಲಕ್ಷಣಗಳು ನಿಮಗೆ ಬಾಯಿಪಾಠ: ಬಾಯಿ ಅಗಲವಾಗಿ ತೆರೆದಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ಗದ್ದ ಎದೆಗೆ ತಾಗಿರಬೇಕು, ತೊಟ್ಟಿನ ಸುತ್ತಲ ಕಪ್ಪು ಭಾಗ ಕೆಳತುಟಿಯ ಕೆಳಗಿಗಿಂತ ಮೇಲ್ತುಟಿಯ ಮೇಲೆ ಹೆಚ್ಚು ಕಾಣಬೇಕು. ಆ ನಾಲ್ಕನೆಯದನ್ನು ತೋರಿಸಬೇಕೆಂದರೆ ಕಪ್ಪು ಭಾಗ ಕಾಣಲೇಬೇಕು. ಯಂತ್ರ ಹುಡುಕುವುದೂ ಅದನ್ನೇ. ಅದೂ ಲಕ್ಷಣ ಸ್ಪಷ್ಟವಾಗಲಿ ಎಂದು ಹತ್ತಿರದಿಂದ ತೆಗೆದ ಫೋಟೊ. ತಾಯಿಯ ಮುಖ ಇಲ್ಲ, ಮಗುವಿನ ಮೈ ಇಲ್ಲ, ಅರ್ಧ ಕೆನ್ನೆ ಮತ್ತು ಎದೆ ಮಾತ್ರ. ಇದನ್ನು 224 ಚುಕ್ಕಿಗೆ ಕುಗ್ಗಿಸಿದರೆ ಕೆನ್ನೆಯ ಚರ್ಮಕ್ಕೂ ಎದೆಯ ಚರ್ಮಕ್ಕೂ ನಡುವಿನ ಗೆರೆ ಅಳಿಸಿಹೋಗುತ್ತದೆ, ಉಳಿಯುವುದು ಚರ್ಮದ ಬಣ್ಣದ ನಡುವೆ ಒಂದು ಕಪ್ಪು ವೃತ್ತ. ತಾಯಿ ಸೆರಗು ಹೊದ್ದು ಮಗುವಿನ ತಲೆ ಮಾತ್ರ ಕಾಣುವ ಫೋಟೊ ಸಲೀಸಾಗಿ ದಾಟುತ್ತದೆ, ಆದರೆ ಅದರಿಂದ ಯಾರೂ ಏನೂ ಕಲಿಯುವುದಿಲ್ಲ.

ಇದು ಒಂದೇ ಕಂಪನಿಯ ದೋಷವೂ ಅಲ್ಲ. 2023ರಲ್ಲಿ ದಿ ಗಾರ್ಡಿಯನ್ ಪತ್ರಿಕೆ ದೊಡ್ಡ ತಂತ್ರಜ್ಞಾನ ಕಂಪನಿಗಳ ಇಂಥ ಯಂತ್ರಗಳನ್ನು ಪರೀಕ್ಷೆಗೆ ಒಡ್ಡಿದಾಗ, ಬಸುರಿಯ ಹೊಟ್ಟೆಯ ಫೋಟೊಗಳನ್ನೂ ಅವು ಪ್ರಚೋದಕ ಎಂದು ಗುರುತಿಸಿದವು.

ಬ್ಯಾಂಕಿನ ಕಥೆ ಬೇರೆ. ತೆಗೆದ ಚಿತ್ರದ ಒಂದು ಗುರುತನ್ನು, ಅಂದರೆ ಹ್ಯಾಶ್ ಅನ್ನು, ಇಟ್ಟುಕೊಂಡು ಅದೇ ಚಿತ್ರ ಮತ್ತೆ ಬಂದರೆ ಅಂಕ ಹಾಕುವ ಗೋಜಿಗೂ ಹೋಗದೆ ತಡೆಯುವ ವ್ಯವಸ್ಥೆ ಇದು. ಫೇಸ್‌ಬುಕ್ 2019ರಲ್ಲಿ ಬಹಿರಂಗಪಡಿಸಿದ ಪಿಡಿಕ್ಯು ಎಂಬ ವಿಧಾನದಲ್ಲಿ ಈ ಗುರುತು 256 ಬಿಟ್ ಉದ್ದ. ಎರಡು ಗುರುತುಗಳ ನಡುವೆ 31 ಬಿಟ್‌ವರೆಗೆ ವ್ಯತ್ಯಾಸವಿದ್ದರೂ ಒಂದೇ ಚಿತ್ರ ಎಂದು ಎಣಿಸಲು ಸೂಚಿಸಲಾಗಿದೆ. ಬಣ್ಣ ಸ್ವಲ್ಪ ತಿಳಿ ಮಾಡುವುದು, ಗಾತ್ರ ಕುಗ್ಗಿಸುವುದು, ಮೂಲೆಯಲ್ಲಿ ಲೋಗೊ ಅಂಟಿಸುವುದು ಇವುಗಳಿಂದ ತಪ್ಪಿಸಿಕೊಳ್ಳಲಾಗದಿರುವುದು ಅದಕ್ಕೇ. ತಪ್ಪಾಗಿ ಬ್ಯಾಂಕಿಗೆ ಸೇರಿದ ಚಿತ್ರ ಎಷ್ಟು ಹಾನಿ ಮಾಡಬಲ್ಲದು ಎಂಬುದಕ್ಕೆ ಮೆಟಾದ ಮೇಲ್ವಿಚಾರಣಾ ಮಂಡಳಿ, ಅಂದರೆ ಓವರ್‌ಸೈಟ್ ಬೋರ್ಡ್, 2022ರಲ್ಲಿ ಕೊಟ್ಟ ತೀರ್ಪೊಂದು ಸಾಕ್ಷಿ. ಕೊಲಂಬಿಯಾದ ಪೊಲೀಸರ ಬಗೆಗಿನ ವ್ಯಂಗ್ಯಚಿತ್ರವೊಂದು ಹೀಗೆ ಬ್ಯಾಂಕಿಗೆ ಸೇರಿತ್ತು. 215 ಮಂದಿ ಮೇಲ್ಮನವಿ ಸಲ್ಲಿಸಿದರು, ಅದರಲ್ಲಿ ಶೇ 98ರಷ್ಟು ಗೆದ್ದವು. ಅಷ್ಟಾದರೂ ಚಿತ್ರ ಬ್ಯಾಂಕಿನಲ್ಲೇ ಇತ್ತು. ಮಂಡಳಿ ಕೈಗೆತ್ತಿಕೊಂಡ ಮೇಲೆಯೇ ಹೊರಬಂದದ್ದು.

ತೆಗೆದ ಮೇಲೆ ಮಾಡಬೇಕಾದದ್ದು

ಮೊದಲನೆಯದು, ಅದೇ ಫೋಟೊವನ್ನು ಮತ್ತೆ ಹಾಕುವುದನ್ನು ನಿಲ್ಲಿಸಿ. ಪ್ರತಿ ಸಲವೂ ಹೊಸ ತಪ್ಪಾಗಿ, ಅಂದರೆ ಸ್ಟ್ರೈಕ್ ಆಗಿ, ಖಾತೆಯ ಲೆಕ್ಕಕ್ಕೆ ಸೇರಬಹುದು. 2023ರ ಫೆಬ್ರುವರಿಯಲ್ಲಿ ಫೇಸ್‌ಬುಕ್ ಪ್ರಕಟಿಸಿದ ಕ್ರಮದಲ್ಲಿ ಮೊದಲ ಸ್ಟ್ರೈಕಿಗೆ ಎಚ್ಚರಿಕೆ, ಎರಡರಿಂದ ಆರರವರೆಗೆ ಗುಂಪುಗಳಲ್ಲಿ ಬರೆಯುವಂಥ ಕೆಲವು ಸೌಲಭ್ಯಗಳಿಗೆ ಕಡಿವಾಣ. ಏಳನೆಯದಕ್ಕೆ 1 ದಿನ, ಎಂಟನೆಯದಕ್ಕೆ 3, ಒಂಬತ್ತನೆಯದಕ್ಕೆ 7, ಹತ್ತು ಮತ್ತು ಮೇಲಕ್ಕೆ 30 ದಿನ ಪೋಸ್ಟ್ ಹಾಕುವಂತಿಲ್ಲ. ಮೇಲ್ಮನವಿ ಗೆದ್ದರೆ ಆ ಸ್ಟ್ರೈಕ್ ಅಳಿಯುತ್ತದೆ. ‘ಇನ್ನೊಂದು ಹಾಕಿದರಾಯಿತು’ ಎಂದು ಬಿಟ್ಟುಬಿಟ್ಟರೆ ಸ್ಟ್ರೈಕ್ ಉಳಿದು, ಮುಂದಿನ ಸಲ ಶಿಕ್ಷೆ ದೊಡ್ಡದಾಗುತ್ತದೆ. ಪೋಸ್ಟ್ ಉಳಿಯುವುದು ಅಳಿಯುವುದು ನಿಮಗೆ ಮುಖ್ಯವಲ್ಲದಿದ್ದರೂ ಮೇಲ್ಮನವಿ ಹಾಕಿ ಎನ್ನುವುದು ಈ ಕಾರಣಕ್ಕೆ.

ಸೂಚನೆ ಬಂದ ಕೂಡಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಅದರಲ್ಲಿ ನಾಲ್ಕು ವಿಷಯ ಬರಬೇಕು: ದಿನಾಂಕ, ಯಾವ ನಿಯಮದಡಿ ತೆಗೆದರು, ಚಿತ್ರ ಯಾವುದು, ಯಂತ್ರ ತೆಗೆದದ್ದೋ ಮನುಷ್ಯರು ನೋಡಿದ್ದೋ ಎಂದು ಹೇಳಿದ್ದರೆ ಅದು. ನಿಯಮದ ಹೆಸರನ್ನು ಎಚ್ಚರದಿಂದ ಓದಿ. ‘ವಯಸ್ಕರ ನಗ್ನತೆ’ ಎಂದಿದ್ದರೆ ಮುಂದೆ ಹೇಳುವ ದಾರಿ. ‘ಮಕ್ಕಳ ಮೇಲಿನ ಲೈಂಗಿಕ ಶೋಷಣೆ, ನಗ್ನತೆ’ ಎಂದಿದ್ದರೆ ವಿಷಯ ಬಹಳ ಗಂಭೀರ, ಅದಕ್ಕೆ ಆಮೇಲೆ ಬರುತ್ತೇವೆ. ಮೂಲ ಫೋಟೊ, ಪೋಸ್ಟಿನ ಬರಹ ಎರಡನ್ನೂ ನಿಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಂಡಿರಿ. ಖಾತೆಯೇ ಮುಚ್ಚಿಹೋದರೆ ಅಲ್ಲಿಂದ ಏನೂ ಸಿಗುವುದಿಲ್ಲ.

ಇನ್‌ಸ್ಟಾಗ್ರಾಂನಲ್ಲಿ ಸೆಟ್ಟಿಂಗ್ಸ್ ಒಳಗೆ ಅಕೌಂಟ್ ಸ್ಟೇಟಸ್ ಎಂಬ ಪುಟವಿದೆ. ತೆಗೆದವು ಒಂದು ಕಡೆ, ಶಿಫಾರಸಿಗೆ ಅನರ್ಹವಾದವು ಇನ್ನೊಂದು ಕಡೆ, ಎರಡೂ ಅಲ್ಲಿ ಕಾಣುತ್ತವೆ. ಮರುಪರಿಶೀಲನೆ ಕೇಳುವ ಗುಂಡಿಯೂ ಅಲ್ಲೇ. ಫೇಸ್‌ಬುಕ್‌ನಲ್ಲಿ ಸಹಾಯ ವಿಭಾಗದ ಸಪೋರ್ಟ್ ಇನ್‌ಬಾಕ್ಸ್ ನೋಡಿ. ಅನೇಕ ಸಲ ನಾಲ್ಕಾರು ಕಾರಣಗಳಲ್ಲಿ ಒಂದನ್ನು ಆರಿಸಲು ಮಾತ್ರ ಬಿಡುತ್ತಾರೆ, ಬರೆಯಲು ಜಾಗ ಇರುವುದಿಲ್ಲ. ಜಾಗ ಸಿಕ್ಕಿದರೆ ತಾಯ್ತನದ ಮಹಿಮೆ ಬರೆಯಬೇಡಿ, ಕೋಪವನ್ನೂ ಬರೆಯಬೇಡಿ. ಪರಿಶೀಲಕರು ಒಂದು ಪೋಸ್ಟಿನ ಮೇಲೆ ಕಳೆಯುವುದು ಕೆಲವೇ ಕ್ಷಣ. ಅಷ್ಟರಲ್ಲಿ ಚಿತ್ರದಲ್ಲಿ ಎಲ್ಲಿ ನೋಡಬೇಕು, ನಿಯಮದಲ್ಲಿ ಯಾವುದನ್ನು ನೋಡಬೇಕು ಎಂದು ಹೇಳಿದರೆ ಸಾಕು. ಮಾದರಿ ಹೀಗೆ:

‘ಇದು ಹಾಲೂಡಿಸುವ ಕ್ರಮ ಕಲಿಸುವ ಚಿತ್ರ. ಮಗುವಿನ ಬಾಯಿ ಮೊಲೆಯನ್ನು ಹಿಡಿದಿದೆ. ಮೇಲ್ತುಟಿಯ ಮೇಲೆ ಕಾಣುವುದು ತೊಟ್ಟಿನ ಸುತ್ತಲ ಕಪ್ಪು ಭಾಗ. ವಯಸ್ಕರ ನಗ್ನತೆಯ ನಿಯಮದಲ್ಲಿ ಹಾಲೂಡಿಸುವುದಕ್ಕೂ ಆರೋಗ್ಯ ಮಾಹಿತಿಗೂ ಇರುವ ವಿನಾಯಿತಿ ಇದಕ್ಕೆ ಅನ್ವಯಿಸುತ್ತದೆ.’

ಇದನ್ನು ಇಂಗ್ಲಿಷಿನಲ್ಲೂ ಬರೆಯುವುದು ಜಾಣತನ, ಯಾರ ಕೈಗೆ ಹೋಗುತ್ತದೆ ಎಂದು ಹೇಳಲಾಗದು.

ಅಲ್ಲೂ ತಿರಸ್ಕಾರವಾದರೆ ಸೂಚನೆಯಲ್ಲಿ ಒಂದು ಉಲ್ಲೇಖ ಸಂಖ್ಯೆ ಬರಬಹುದು. ಅದನ್ನು ಹಿಡಿದು 15 ದಿನಗಳ ಒಳಗೆ ಮೇಲ್ವಿಚಾರಣಾ ಮಂಡಳಿಯ ಜಾಲತಾಣದಲ್ಲಿ ದೂರು ಕೊಡಬಹುದು. ಮಂಡಳಿ ತೀರ್ಪು ಕೊಡುವುದು ಬಂದವುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ. ಆದರೂ ಬಿಡಬೇಡಿ, ಏಕೆಂದರೆ ಮಂಡಳಿ ಆರಿಸಿಕೊಂಡ ಪ್ರಕರಣವನ್ನು ಕಂಪನಿ ಇನ್ನೊಮ್ಮೆ ನೋಡಿ, ತೀರ್ಪಿಗೂ ಮೊದಲೇ ತಪ್ಪು ಒಪ್ಪಿಕೊಂಡದ್ದಿದೆ. ನಿಮ್ಮ ವಿಷಯಕ್ಕೆ ಅತಿ ಹತ್ತಿರದ ಪ್ರಕರಣವೇ ಅದಕ್ಕೆ ಉದಾಹರಣೆ. 2020ರ ಅಕ್ಟೋಬರ್‌ನಲ್ಲಿ ಬ್ರೆಜಿಲ್‌ನ ಒಬ್ಬರು ಸ್ತನ ಕ್ಯಾನ್ಸರ್ ಲಕ್ಷಣಗಳ ಬಗ್ಗೆ ಎಂಟು ಫೋಟೊಗಳನ್ನು ಜೋಡಿಸಿದ ಒಂದೇ ಚಿತ್ರದ ಪೋಸ್ಟ್ ಹಾಕಿದರು. ಐದರಲ್ಲಿ ತೊಟ್ಟು ಕಾಣುತ್ತಿತ್ತು. ಚಿತ್ರದ ಮೇಲೆಯೇ ಪೋರ್ಚುಗೀಸಿನಲ್ಲಿ ಸ್ತನ ಕ್ಯಾನ್ಸರ್ ಎಂದು ಬರೆದಿದ್ದರೂ ಯಂತ್ರ ಅದನ್ನು ಓದದೆ ಇಡೀ ಪೋಸ್ಟನ್ನು ತೆಗೆಯಿತು. ಮಂಡಳಿ ಕೈಗೆತ್ತಿಕೊಂಡ ಮೇಲೆ ಕಂಪನಿ ಪೋಸ್ಟನ್ನು ಮರಳಿಸಿತು. 2021ರ ಜನವರಿ 28ರಂದು ಬಂದ ತೀರ್ಪು ತೆಗೆದದ್ದು ತಪ್ಪು ಎಂದಿತು. ಚಿತ್ರದ ಮೇಲಿನ ಬರಹ ಓದುವ ಸಾಮರ್ಥ್ಯ ಸುಧಾರಿಸಿ, ಯಂತ್ರ ತೆಗೆದಾಗ ಹಾಗೆಂದು ಬಳಕೆದಾರರಿಗೆ ತಿಳಿಸಿ, ಅಂಥ ತೀರ್ಮಾನವನ್ನು ಮನುಷ್ಯರ ಬಳಿ ಪ್ರಶ್ನಿಸಲು ಬಿಡಿ ಎಂದೂ ಹೇಳಿತು. ಮೇಲ್ಮನವಿಯಲ್ಲಿ ಈ ತೀರ್ಪನ್ನು ಒಂದು ಸಾಲಿನಲ್ಲಿ ಉಲ್ಲೇಖಿಸಬಹುದು.

ಐರೋಪ್ಯ ಒಕ್ಕೂಟದಲ್ಲಿ ವಾಸಿಸುವವರಿಗೆ ಇನ್ನೂ ಒಂದು ಬಾಗಿಲಿದೆ. ಅಲ್ಲಿನ ಡಿಜಿಟಲ್ ಸೇವೆಗಳ ಕಾಯ್ದೆ ಪ್ರಕಾರ ಕಂಪನಿ ತೆಗೆದದ್ದಕ್ಕೆ ಕಾರಣ ಕೊಡಲೇಬೇಕು, ಆರು ತಿಂಗಳವರೆಗೆ ಒಳ ದೂರಿಗೆ ಅವಕಾಶ ಕೊಡಬೇಕು, ಆಮೇಲೆ ನ್ಯಾಯಾಲಯದ ಹೊರಗೆ ವ್ಯಾಜ್ಯ ಬಿಡಿಸುವ ಮಾನ್ಯ ಸಂಸ್ಥೆಗೂ ಹೋಗಬಹುದು.

ಮುಂದಿನ ಚಿತ್ರವನ್ನು ಸಿದ್ಧಮಾಡುವಾಗ

ಚೌಕಟ್ಟನ್ನು ಅಗಲಿಸಿ. ತಾಯಿಯ ಮುಖ ಅಥವಾ ಕನಿಷ್ಠ ಗದ್ದ, ಮಗುವಿನ ತಲೆ, ಕಿವಿ, ಭುಜ, ಬಟ್ಟೆ ತೊಟ್ಟ ಮೈ ಎಲ್ಲ ಒಳಗೆ ಬರಲಿ. ಮಗುವಿನ ಮುಖ ಸ್ಪಷ್ಟವಾಗಿ ಕಂಡಷ್ಟೂ ಯಂತ್ರಕ್ಕೂ ಪರಿಶೀಲಕರಿಗೂ ಸಂದರ್ಭ ತಿಳಿಯುತ್ತದೆ. ತೀರಾ ಹತ್ತಿರದ ಚಿತ್ರ ಬೇಕೇಬೇಕಿದ್ದರೆ ಅದನ್ನು ಒಂಟಿಯಾಗಿ ಹಾಕದೆ, ಒಂದೇ ಚಿತ್ರದೊಳಗೆ ಎಡಕ್ಕೆ ಅಗಲ ನೋಟ, ಬಲಕ್ಕೆ ಚಿಕ್ಕದಾಗಿ ಹತ್ತಿರದ ನೋಟ ಎಂದು ಜೋಡಿಸಿ. ಬೆಳಕು ಮೇಲ್ತುಟಿಯ ಕಡೆಯಿಂದ ಬಿದ್ದರೆ ತುಟಿಯ ಅಂಚು ಕಪ್ಪು ಭಾಗದಿಂದ ಬೇರೆಯಾಗಿ ಕಾಣುತ್ತದೆ. ನೆರಳು ಬಿದ್ದರೆ ಎರಡೂ ಬೆರೆತು ಒಂದೇ ಕಪ್ಪಾಗುತ್ತವೆ, ಕಲಿಕೆಗೂ ಅದು ಕೆಟ್ಟ ಫೋಟೊ.

ಬಹು ಚಿತ್ರಗಳ ಪೋಸ್ಟಿನಲ್ಲಿ ಒಂದು ಸಿಕ್ಕಿಬಿದ್ದರೆ ಎಲ್ಲವೂ ಹೋಗಬಹುದು, ಬ್ರೆಜಿಲ್ ಪ್ರಕರಣದಲ್ಲಿ ಅದೇ ಚಿತ್ರದೊಳಗೆ ಜೋಡಿಸಿದ್ದ, ತೊಟ್ಟು ಕಾಣದ ಮೂರು ಫೋಟೊಗಳೂ ಜೊತೆಗೆ ಹೋಗಿದ್ದವು. ಹಾಗಾಗಿ ಅಪಾಯದ ಚಿತ್ರವನ್ನು ಬೇರೆ ಪೋಸ್ಟಿನಲ್ಲಿಡಿ. ಚಿತ್ರದ ಮೇಲೆ ಬಾಣ, ಅಂಕಿ, ‘ಹಾಲೂಡಿಸುವುದು, ಸರಿಯಾದ ಹಿಡಿತ’ ಎಂಬ ಶೀರ್ಷಿಕೆ ಹಾಕುವುದರಿಂದ ಎರಡು ಲಾಭ: ನೋಡುವವರಿಗೆ ಪಾಠ, ಪರಿಶೀಲಕರಿಗೆ ಸಂದರ್ಭ. ಬರಹ ದಪ್ಪ ಅಕ್ಷರದಲ್ಲಿ, ಸರಳ ಹಿನ್ನೆಲೆಯ ಮೇಲಿರಲಿ. ಶೀರ್ಷಿಕೆಯೊಂದನ್ನು ಇಂಗ್ಲಿಷಿನಲ್ಲೂ ಕೊಡಿ.

ಯಂತ್ರಕ್ಕೆ ಸಿಗದಿರಲಿ ಎಂದು ಪದದ ನಡುವೆ ಅಂಕಿ ಸೇರಿಸಿ, ಹಣ್ಣಿನ ಎಮೋಜಿ ಹಾಕಿ ಬರೆಯುವ ಚಾಳಿ ಹಬ್ಬಿದೆ. ನಮ್ಮ ಪ್ರಕಾರ ಇದು ಬೇಡ. ಅಶ್ಲೀಲ ಖಾತೆಗಳೂ ಅದೇ ತಂತ್ರ ಬಳಸುತ್ತವೆ. ನಿಮ್ಮ ಪೋಸ್ಟಿಗೆ ಇರುವ ಒಂದೇ ರಕ್ಷಣೆ ಅದು ಆರೋಗ್ಯ ಮಾಹಿತಿ ಎಂಬುದು, ಆ ಗುರುತನ್ನು ನೀವೇ ಯಾಕೆ ಅಳಿಸಿಕೊಳ್ಳಬೇಕು? ಹ್ಯಾಶ್‌ಟ್ಯಾಗ್ ಕಡಿಮೆ ಇರಲಿ, ಇರುವುದು ನೇರವಾಗಿರಲಿ.

ವಿಡಿಯೊದಲ್ಲಿ ಬೇರೆ ತೊಂದರೆ. ಯಂತ್ರ ನಡುನಡುವೆ ಚೌಕಟ್ಟುಗಳನ್ನು (ಫ್ರೇಮ್) ಆರಿಸಿ ನೋಡುತ್ತದೆ. ಹತ್ತು ನಿಮಿಷದ ಪಾಠದಲ್ಲಿ ಮಗು ಬಾಯಿ ಬಿಟ್ಟು ತಲೆ ತಿರುಗಿಸಿದ ಎರಡು ಸೆಕೆಂಡು ಸಾಕು, ಆ ಒಂದು ಚೌಕಟ್ಟಿನಲ್ಲಿ ಮಗು ಕುಡಿಯುತ್ತಿಲ್ಲ, ತೊಟ್ಟು ಪೂರ್ತಿ ಕಾಣುತ್ತಿದೆ. ಹಿಡಿತ ಬಿಡಿಸುವುದನ್ನು ಕಲಿಸುವುದೇ ಉದ್ದೇಶವಲ್ಲದಿದ್ದರೆ ಆ ತುಣುಕನ್ನು ಕತ್ತರಿಸಿ. ಮೊದಲ ಚೌಕಟ್ಟು ಮತ್ತು ಕವರ್ ಚಿತ್ರದಲ್ಲಿ ಬರೀ ಶೀರ್ಷಿಕೆ ಇರಲಿ.

ಕೈಯಿಂದ ಹಾಲು ಹಿಂಡುವುದು, ಎದೆ ಒತ್ತುವುದು, ತೊಟ್ಟಿನ ಗಾಯ ಇವಕ್ಕೆ ಫೋಟೊಗಿಂತ ರೇಖಾಚಿತ್ರ ಅಥವಾ ಉಣ್ಣೆಯಲ್ಲಿ ಹೆಣೆದ ಮೊಲೆಯ ಮಾದರಿ ಬಳಸುವುದು ಉತ್ತಮ. ಹೆಬ್ಬೆರಳು ಮತ್ತು ತೋರುಬೆರಳನ್ನು ಎಲ್ಲಿಡಬೇಕು, ಹಿಂದಕ್ಕೆ ಎದೆಯ ಗೋಡೆಯ ಕಡೆ ಒತ್ತಿ ಆಮೇಲೆ ಹಿಂಡಬೇಕು ಎಂಬುದು ಮಾದರಿಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಸಿಲಿಕೋನ್ ಮಾದರಿ ಮಾತ್ರ ಬೇಡ, ಅದು ನಿಜದ ಚರ್ಮದಂತೆಯೇ ಇರುವುದರಿಂದ ಯಂತ್ರವೂ ಹಾಗೆಯೇ ನೋಡುವ ಸಂಭವ ಹೆಚ್ಚು. ಎಐ ಬಿಡಿಸಿದ, ಫೋಟೊದಂತೆ ಕಾಣುವ ಚಿತ್ರಕ್ಕೂ ಇದೇ ಮಾತು. ಲ್ಯಾಚ್‌ಗೆ ಮಾತ್ರ ಫೋಟೊವೇ ಬೇಕು. ನಿಜದ ಮಗುವಿನ ಕೆಳತುಟಿ ಹೇಗೆ ಮಡಿಚುತ್ತದೆ ಎನ್ನುವುದನ್ನು ರೇಖಾಚಿತ್ರ ಪೂರ್ತಿ ಹೇಳುವುದಿಲ್ಲ.

ನಿಮ್ಮ ವಿಡಿಯೊ ಯಾರಿಗೂ ತಲುಪದಿರುವುದಕ್ಕೆ ಬಹುಶಃ ಕಾರಣ ಶಿಫಾರಸಿನ ನಿಯಮ. ಪುಟದಲ್ಲಿ ಇರಲು ಬೇಕಾದ ಅರ್ಹತೆ ಬೇರೆ, ಅಪರಿಚಿತರಿಗೆ ತೋರಿಸಲು ಬೇಕಾದ ಅರ್ಹತೆ ಬೇರೆ, ಎರಡನೆಯದು ಬಹಳ ಬಿಗಿ. ಅಕೌಂಟ್ ಸ್ಟೇಟಸ್‌ನಲ್ಲಿ ಆ ವಿಡಿಯೊ ಕಂಡರೆ ಮರುಪರಿಶೀಲನೆ ಕೇಳಿ. ಒಪ್ಪದಿದ್ದರೆ, ಮತ್ತು ಅದರಿಂದ ಇಡೀ ಖಾತೆಯೇ ಶಿಫಾರಸಿಗೆ ಅನರ್ಹ ಎಂದು ತೋರಿಸುತ್ತಿದ್ದರೆ, ವಿಡಿಯೊವನ್ನು ನೀವೇ ತೆಗೆಯುವುದು ಲೇಸು. ಒಂದನ್ನು ಉಳಿಸಲು ಹೋಗಿ ಉಳಿದ ನೂರನ್ನು ಕತ್ತಲಲ್ಲಿಡುವುದು ಲಾಭದ ಮಾತಲ್ಲ.

ಜಾಹೀರಾತಿಗೆ ಇನ್ನೂ ಬಿಗಿ. ಪುಟದಲ್ಲಿ ನಿರಾತಂಕವಾಗಿರುವ ಪೋಸ್ಟನ್ನು ದುಡ್ಡು ಕೊಟ್ಟು ಬೂಸ್ಟ್ ಮಾಡಿದ ಕ್ಷಣ ಅದು ಜಾಹೀರಾತು ಆಗುತ್ತದೆ, ಆಗ ಮೇಲೆ ಹೇಳಿದ ವಿನಾಯಿತಿಗಳನ್ನು ನೆಚ್ಚಿಕೊಳ್ಳುವಂತಿಲ್ಲ. ಚರ್ಮ ಕಾಣುವ ಯಾವುದನ್ನೂ ಬೂಸ್ಟ್ ಮಾಡಬೇಡಿ. ಬರಹ ಮಾತ್ರವಿರುವ ಪೋಸ್ಟನ್ನು ಬೂಸ್ಟ್ ಮಾಡಿ, ಚಿತ್ರಗಳಿಗೆ ಅಲ್ಲಿಂದ ಕೊಂಡಿ ಕೊಡಿ. ಡಬ್ಬಿ ಹಾಲಿನ ಪುಡಿಯ ಜಾಹೀರಾತಿನಲ್ಲಿ ಚರ್ಮವೇ ಇರುವುದಿಲ್ಲವಾದ್ದರಿಂದ ಅದು ಈ ಜರಡಿಯಲ್ಲಿ ಸಲೀಸಾಗಿ ಇಳಿಯುತ್ತದೆ. ಅಂಥ ಉತ್ಪನ್ನಗಳನ್ನು ಸಾರ್ವಜನಿಕರಿಗೆ ಜಾಹೀರಾತು ಮಾಡಬಾರದು ಎಂಬ ಅಂತರರಾಷ್ಟ್ರೀಯ ಸಂಹಿತೆ 1981ರಿಂದಲೂ ಇದೆ ಎಂಬುದು ಬೇರೆ ಮಾತು.

ಯೂಟ್ಯೂಬ್‌ನಲ್ಲಿ ಶೈಕ್ಷಣಿಕ ವಿಷಯಕ್ಕೆ ಅವಕಾಶ ಹೆಚ್ಚು, ಆದರೆ ಸಂದರ್ಭವನ್ನು ಶೀರ್ಷಿಕೆ, ವಿವರಣೆ ಮತ್ತು ವಿಡಿಯೊದ ಒಳಗಿನ ಮಾತಿನಲ್ಲೇ ಹೇಳಿರಬೇಕು. ಅಲ್ಲಿನ ಶಿಕ್ಷೆ: ಮೊದಲು ಎಚ್ಚರಿಕೆ, ಆಮೇಲೆ 90 ದಿನಗಳ ಒಳಗೆ ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ ಹೋಗುತ್ತದೆ. ವಯಸ್ಸಿನ ನಿರ್ಬಂಧ ಹೇರಿದರೆ 18 ತುಂಬದವರಿಗೂ ಲಾಗಿನ್ ಆಗದವರಿಗೂ ಕಾಣುವುದಿಲ್ಲ. ಬಹುತೇಕ ಇತರ ಜಾಲತಾಣಗಳಲ್ಲಿ ಆ ವಿಡಿಯೊವನ್ನು ಸೇರಿಸಿದರೂ ಓಡುವುದಿಲ್ಲ, ನಿಮ್ಮ ಸ್ವಂತ ತಾಣದಲ್ಲಿ ಖಾಲಿ ಪೆಟ್ಟಿಗೆ ಕಂಡರೆ ಕಾರಣ ಇದೇ ಇರಬಹುದು.

ಮಗುವಿನ ಮೈ ಮತ್ತು ಖಾಸಗಿ ಫೋಟೊಗಳು

ಈಗ ಆ ಗಂಭೀರ ವಿಷಯ. ತಾಯಿಯ ಎದೆ ಕಂಡರೆ ಪೋಸ್ಟ್ ಹೋಗುತ್ತದೆ. ಮಗುವಿನ ಜನನಾಂಗ ಕಂಡರೆ ಖಾತೆಯೇ ಹೋಗಬಹುದು, ಪೊಲೀಸರಿಗೆ ವರದಿಯೂ ಹೋಗಬಹುದು. ಹೆರಿಗೆಯಾದ ಕೂಡಲೇ ಎದೆಯ ಮೇಲೆ ಮಲಗಿಸಿದ ಬರಿಮೈ ಕೂಸಿನ ಚಿತ್ರಗಳಲ್ಲಿ ಇದು ಸುಲಭವಾಗಿ ಮರೆತುಹೋಗುತ್ತದೆ. ಫೋಟೊ ತೆಗೆಯುವಾಗಲೇ ಡಯಾಪರ್ ಹಾಕಿ ಅಥವಾ ಸೊಂಟದ ಮೇಲೆ ಬಟ್ಟೆ ಹೊದಿಸಿ. ಮೂಲ ಫೋಟೊದಲ್ಲೇ ಹಾಗಿರಬೇಕು, ಆಮೇಲೆ ಮಸುಕು ಮಾಡಿದರೂ ಮೂಲ ನಿಮ್ಮ ಫೋನಿನಲ್ಲಿ ಉಳಿದು ತಾನಾಗಿಯೇ ಕ್ಲೌಡ್‌ಗೆ ಹೋಗುತ್ತದೆ. 2022ರಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದ ಪ್ರಕರಣ ನೆನಪಿರಲಿ: ವೈದ್ಯರಿಗೆ ಕಳಿಸಲು ಮಗುವಿನ ಊದಿದ ಜನನಾಂಗದ ಫೋಟೊ ತೆಗೆದ ತಂದೆಯ ಗೂಗಲ್ ಖಾತೆ ಮುಚ್ಚಿಹೋಯಿತು. ಪೊಲೀಸರು ತಪ್ಪಿಲ್ಲ ಎಂದ ಮೇಲೂ ಅದು ಮರಳಿ ಸಿಗಲಿಲ್ಲ.

ಮಕ್ಕಳ ಶೋಷಣೆ, ನಗ್ನತೆಯ ನಿಯಮದಡಿ ಸೂಚನೆ ಬಂದರೆ ಅದೇ ದಿನ ಮೇಲ್ಮನವಿ ಹಾಕಿ, ಆ ಚಿತ್ರವನ್ನು ‘ನೋಡಿ ಹೀಗಾಯಿತು’ ಎಂದು ಬೇರೆ ಎಲ್ಲೂ ಹಂಚಬೇಡಿ. ನಿಮ್ಮ ಪುಟಕ್ಕೆ ಇನ್ನೊಬ್ಬ ನಂಬಿಕಸ್ಥರನ್ನು ಮೊದಲೇ ಅಡ್ಮಿನ್ ಮಾಡಿಟ್ಟಿರಿ. ನಿಮ್ಮ ಖಾತೆ ನಿಂತರೂ ಪುಟ ಅನಾಥವಾಗುವುದಿಲ್ಲ.

ಚಿತ್ರದಲ್ಲಿರುವ ತಾಯಿಯಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಎಲ್ಲೆಲ್ಲಿ ಹಾಕುತ್ತೀರಿ, ಮುಖ ಕಾಣುತ್ತದೆಯೇ, ಬೇಡವೆಂದಾಗ ತೆಗೆಯುತ್ತೀರಿ ಎಂಬುದು ಅದರಲ್ಲಿರಲಿ. ಹಾಲೂಡಿಸುವ ಚಿತ್ರಗಳನ್ನು ಕದ್ದು ಅಶ್ಲೀಲ ತಾಣಗಳಿಗೆ ಹಾಕುವವರಿದ್ದಾರೆ ಎಂಬುದನ್ನೂ ಆಕೆಗೆ ಮುಚ್ಚುಮರೆಯಿಲ್ಲದೆ ಹೇಳಿ. ಹಾಗೆ ಖಾಸಗಿ ಚಿತ್ರ ದುರ್ಬಳಕೆಯಾದರೆ ಸ್ಟಾಪ್ ಎನ್‌ಸಿಐಐ ಎಂಬ ಸೇವೆಯಿದೆ. ಅದು ಚಿತ್ರವನ್ನು ಪಡೆಯುವುದಿಲ್ಲ, ನಿಮ್ಮ ಫೋನಿನಲ್ಲೇ ಹ್ಯಾಶ್ ಮಾಡಿ ಅದನ್ನಷ್ಟೇ ಭಾಗವಹಿಸುವ ಕಂಪನಿಗಳಿಗೆ ಕೊಡುತ್ತದೆ. ಆದರೆ ನಿಮ್ಮ ಪುಟದಲ್ಲಿ ಪಾಠಕ್ಕೆ ಬಳಸುತ್ತಿರುವ ಚಿತ್ರವನ್ನೇ ಅಲ್ಲಿ ನೋಂದಾಯಿಸಿದರೆ ಆ ಹ್ಯಾಶ್ ನಿಮ್ಮ ಪೋಸ್ಟಿಗೂ ತಗಲುತ್ತದೆ. ಎರಡರಲ್ಲಿ ಒಂದನ್ನು ಆರಿಸಬೇಕು, ಆರಿಸುವ ಹಕ್ಕು ಆ ತಾಯಿಯದು.

ಮೂಲ ಚಿತ್ರಗಳೂ ಪೂರ್ತಿ ವಿಡಿಯೊಗಳೂ ನಿಮ್ಮದೇ ಜಾಲತಾಣದಲ್ಲಿರಲಿ, ಸಾಮಾಜಿಕ ಜಾಲತಾಣ ಅಲ್ಲಿಗೆ ಕರೆದೊಯ್ಯುವ ದಾರಿಯಾಗಲಿ. ಈ ಚಿತ್ರಗಳನ್ನು ತಾಣದೊಳಗೆ ಪ್ರತ್ಯೇಕ ಫೋಲ್ಡರಿನಲ್ಲಿಟ್ಟರೆ, ಹುಡುಕಾಟದಲ್ಲಿ ಅಶ್ಲೀಲ ಚಿತ್ರಗಳನ್ನು ಸೋಸುವ ಗೂಗಲ್‌ನ ಸೇಫ್‌ಸರ್ಚ್ ಅವುಗಳನ್ನು ಮಸುಕು ಮಾಡಿದರೂ ಉಳಿದ ಪುಟಗಳಿಗೆ ಆ ಬಿಸಿ ತಟ್ಟುವ ಸಾಧ್ಯತೆ ಕಡಿಮೆ. ಸ್ವಂತ ವಿಡಿಯೊ ಮಾಡಲಾಗದಿದ್ದರೆ ಗ್ಲೋಬಲ್ ಹೆಲ್ತ್ ಮೀಡಿಯಾ ಪ್ರಾಜೆಕ್ಟ್ ಎಂಬ ಲಾಭರಹಿತ ಸಂಸ್ಥೆಯ ಹಾಲೂಡಿಸುವ ಪಾಠಗಳನ್ನು ಉಚಿತವಾಗಿ ನೋಡಬಹುದು, ಇಳಿಸಿಕೊಳ್ಳಲೂಬಹುದು.

ತಾಯಂದಿರು ಸಲಹೆಗಾಗಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಫೋಟೊಗಳ ಬಗ್ಗೆ ಎಚ್ಚರ. ಸಂದೇಶಗಳು ಗೂಢಲಿಪಿಯಲ್ಲಿರುವುದರಿಂದ ಕಂಪನಿ ಅವುಗಳನ್ನು ನೋಡುವುದಿಲ್ಲ, ಆದರೆ ಪ್ರೊಫೈಲ್ ಮತ್ತು ಗುಂಪಿನ ಚಿತ್ರಗಳಿಗೆ ಆ ರಕ್ಷಣೆ ಇಲ್ಲ, ಅಲ್ಲಿ ಇಂಥ ಫೋಟೊ ಇಡಬೇಡಿ. ಮೀಡಿಯಾ ತಾನಾಗಿ ಗ್ಯಾಲರಿಗೆ ಇಳಿಯುವ ಸೆಟ್ಟಿಂಗನ್ನು ಬಂದ್ ಮಾಡಿ, ವಾಟ್ಸ್‌ಆ್ಯಪ್ ಫೋಲ್ಡರನ್ನು ಗೂಗಲ್ ಫೋಟೋಸ್ ಬ್ಯಾಕಪ್‌ನಿಂದ ಹೊರಗಿಡಿ, ಸಲಹೆ ಮುಗಿದ ಮೇಲೆ ಇಬ್ಬರ ಫೋನಿನಿಂದಲೂ ಅಳಿಸಿ. ಸಾಧ್ಯವಿದ್ದಲ್ಲಿ ಫೋಟೊ ಕೇಳುವ ಬದಲು ವಿಡಿಯೊ ಕರೆ ಮಾಡಿ: ಫೋನನ್ನು ಮಗುವಿನ ಗದ್ದದ ಎತ್ತರಕ್ಕೆ, ಬದಿಯಿಂದ ಹಿಡಿಯಲು ಹೇಳಿದರೆ ತುಟಿ, ಗದ್ದ, ನುಂಗುವ ಚಲನೆ ಎಲ್ಲವೂ ಕಾಣುತ್ತವೆ.